ಗಂಗಕ್ಕ ಕೊಟ್ಟ ಸೀಲಿಲ್ಲದ ನೀರು

ಎಂಬತ್ತರ ದಶಕದ ಕಾರವಾರದಲ್ಲಿ ಯಾರಿಗಾದರೂ ಪರೀಕ್ಷೆಯ ಬಾಟಲಿಗೆ ಮೂತ್ರ ಕೊಡಲು ಆಗದಿದ್ದರೆ ಗಂಗಕ್ಕನನ್ನು ಕರೆಯುತ್ತಿದ್ದರು. ನಗಬೇಡಿ, ಅದೂ ಒಂದು ವಿದ್ಯೆ. ಅಂಕೋಲೆಯ ಶೆಟಗೇರಿಯಿಂದ ಬಂದ ಗಂಗೂ ಒಂದು ಖಾಸಗಿ ಲ್ಯಾಬಿನಲ್ಲಿ ಆಯಾ ಆಗಿದ್ದಳು. ನಳವನ್ನು ಸಣ್ಣಗೆ ಬಿಡುವಳು, ಬೆನ್ನು ತಿರುಗಿಸಿ ನಿಂತು ಅವತ್ತು ಪೇಟೆಗೆ ಬಂದ ಮೀನಿನ ಸುದ್ದಿ ತೆಗೆಯುವಳು. ಐದು ನಿಮಿಷದಲ್ಲಿ ಕೆಲಸ ಆಗುತ್ತಿತ್ತು. ತುಂಬಿದ ಬಾಟಲಿಯನ್ನು ಯಾರಿಗೂ ಕಾಣದಂತೆ ಸೆರಗಿನಡಿ ಒಯ್ಯುವಳು. ಅದಕ್ಕೆ ಅವಳ ಬಾಯಲ್ಲಿ ‘ಟೆಸ್ಟಿನ ನೀರು’ ಎಂದೇ ಹೆಸರು.

ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ಬಿಸಿಲಲ್ಲಿ ಬಂದು ಕೂತವರಿಗೆ ಬೆಲ್ಲ, ನೀರು ಕೊಡದೆ ಬಿಡುತ್ತಿರಲಿಲ್ಲ. “ಸಕ್ಕರೆ ಕಾಯಿಲೆ ಟೆಸ್ಟಿಗೆ ಬಂದವರಿಗೂ ಬೆಲ್ಲ ಕೊಡ್ತೀಯಲ್ಲೇ ಮಾರಾಯ್ತಿ!” ಎಂದು ಲ್ಯಾಬಿನ ಡಾಕ್ಟರು ತಲೆ ಚಚ್ಚಿಕೊಂಡದ್ದುಂಟು.

ತೊಂಬತ್ತೆರಡರಲ್ಲಿ ಕಾರವಾರದಲ್ಲಿ ಹೆಂಗಸರ ವೇಟ್‌ಲಿಫ್ಟಿಂಗ್ ಪಂದ್ಯ ನಡೆಯಿತು. ತಗಡಿನ ಮಾಡಿನ ಹಾಲ್, ಹೊರಗೆ ಗಾಳಿಮರಗಳ ಸದ್ದು, ಒಳಗೆ ಊರಿಗೆ ಊರೇ. ಚಿನ್ನದ ಪದಕ ಗೆದ್ದವಳು ನಾನು, ಚೆಂಡಿಯಾದ ನೀತಾ. ನನ್ನ ಹೆಸರು ಕೂಗಿದಾಗ ಬಿದ್ದ ಚಪ್ಪಾಳೆ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ, ಹಿಂದೆಯೇ ನಾಚಿಕೆಯೂ ಆಗುತ್ತದೆ.

ಯಾಕೆಂದರೆ ನಾಲ್ಕು ತಿಂಗಳಿನಿಂದ ಕೋಚ್ ನನಗೆ ಸೂಜಿ ಚುಚ್ಚುತ್ತಿದ್ದ. ಟಾನಿಕ್ ಎನ್ನುತ್ತಿದ್ದ. ಟಾನಿಕ್ಕಿಗೆ ಯಾವ ಹುಡುಗಿಯ ದನಿಯೂ ಗಂಡಸರ ಹಾಗೆ ದಪ್ಪವಾಗುವುದಿಲ್ಲ, ಮೇಲ್ತುಟಿಯಲ್ಲಿ ಕೂದಲು ಚಿಗುರುವುದಿಲ್ಲ. ನನಗೆ ಗೊತ್ತಿತ್ತು. ಕಾರವಾರದಲ್ಲಿ ನೇವಿ ಕಟ್ಟುವ ನೆಲೆಗೆ ನಮ್ಮ ಗದ್ದೆ ಹೋಗುವುದು ನಿಕ್ಕಿಯಾಗಿತ್ತು. ಮನೆಗೊಂದು ನೌಕರಿ ಬೇಕಿತ್ತು, ಆಟಗಾರರ ಕೋಟಾದ ನೌಕರಿಗೆ ಪದಕ ಬೇಕಿತ್ತು.

ಗೆದ್ದವರ ಮೂತ್ರ ಉದ್ದೀಪನ ಮದ್ದಿನ ಪರೀಕ್ಷೆಗೆ ದಿಲ್ಲಿಯ ಲ್ಯಾಬಿಗೆ ಹೋಗಬೇಕು. ಅದನ್ನು ಹಿಡಿದು ಕಳಿಸುವ ಕೆಲಸ ಗಂಗಕ್ಕನ ಲ್ಯಾಬಿನ ಡಾಕ್ಟರರದು, ಹುಡುಗಿಯರ ಜೊತೆ ಸಾಕ್ಷಿಗೆ ನಿಲ್ಲುವವಳು ಗಂಗಕ್ಕ. ಆ ಕೋಣೆಯಲ್ಲಿ ಸೀಲು ಮಾಡಿದ ನೀರಿನ ಬಾಟಲಿಯನ್ನು ಆಟಗಾರ್ತಿಯೇ ಸೀಲು ಒಡೆದು ಕುಡಿಯಬೇಕು, ಬೇರೇನನ್ನೂ ಕೊಡಕೂಡದು ಎಂದು ಅವಳಿಗೆ ಮೂರು ಸಲ ಹೇಳಿದ್ದರು.

ತೂಕ ಇಳಿಸಲು ಎರಡು ದಿನ ನೀರು ಬಿಟ್ಟವಳು ನಾನು. ಕೋಣೆಯಲ್ಲಿ ಇಟ್ಟಿದ್ದ ಒಂದೇ ಒಂದು ಸೀಲಿನ ಬಾಟಲಿ ಬಂದ ಕೂಡಲೇ ಖಾಲಿಯಾಗಿತ್ತು. ಎರಡು ತಾಸು ಕೂತರೂ ಒಂದು ಹನಿ ಮೂತ್ರ ಇಲ್ಲ. ನಳ ಬಿಟ್ಟದ್ದಾಯಿತು, ಮೀನಿನ ಸುದ್ದಿಯೂ ಮುಗಿಯಿತು. ಡಾಕ್ಟರು ಬೇರೆ ತೂಕದವರ ಬಹುಮಾನ ಸಮಾರಂಭಕ್ಕೆ ಹೋಗಿದ್ದರು.

“ಇದ್ರಲ್ಲಿ ದಿಲ್ಲಿಯೋರಿಗೆ ಎಂತ ಗೊತ್ತಾಗ್ತದೆ ಗಂಗಕ್ಕಾ?” ಎಂದೆ.

“ಮದ್ದು ಮೈಯೊಳಗೆ ಕರಗಿ ಹೋದ್ರೂ ಅದ್ರ ಚೂರು ಉಳೀತದಂತೆ. ಉಂಡ ತಾಟಲ್ಲಿ ಮೀನಿನ ಮುಳ್ಳು ನೋಡಿದ್ರೆ ಬಂಗ್ಡೆಯೋ ತಾರ್ಲೆಯೋ ಗೊತ್ತಾಗುದಿಲ್ವೇ? ಹಂಗೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ಮೇಲ್ತುಟಿಗೆ ಹೋಯಿತು. ಗಂಗಕ್ಕ ಅದನ್ನು ನೋಡಿದಳು. ಆಮೇಲೆ ತನ್ನ ಚೀಲದಿಂದ ಒಂದು ಬೆಲ್ಲದ ತುಂಡು, ಮನೆಯಿಂದ ತಂದ ನೀರಿನ ತಂಬಿಗೆ ತೆಗೆದಳು.

“ಬಾಯಿ ಒಣಗಿ ಹೋಯ್ತಲ್ಲೇ ತಂಗಿ. ತಕ.”

“ಕೊಡುಕೆ ಇಲ್ಲ ಅಂದಿದ್ರಲ್ಲ?”

“ದಣಿದು ಕೂತೋರನ್ನ ಹಿಂಗೇ ಬಿಟ್ರೆ ನಂಗೆ ಊಟ ಸೇರುದಿಲ್ಲ. ಬೆಲ್ಲ ಎಂತ ಮದ್ದನೇ? ಕುಡಿ.”

ಕುಡಿದೆ. ಅರ್ಧ ತಾಸಿನಲ್ಲಿ ಎರಡು ಬಾಟಲಿ ತುಂಬಿದವು. ಸೀಲು ಬಿತ್ತು, ದಿಲ್ಲಿಗೆ ಹೋದವು.

ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಎರಡೂ ಬಾಟಲಿಯಲ್ಲಿ ನ್ಯಾಂಡ್ರೋಲೋನ್ ಎಂಬ ಸ್ಟೀರಾಯ್ಡಿನ ಚೂರುಗಳು. ವಿಚಾರಣೆಗೆ ವೇಟ್‌ಲಿಫ್ಟಿಂಗ್ ಸಂಘದಿಂದ ಮೂವರು ಬಂದರು. ಕೋಚ್ ನನಗೆ ಒಂದೇ ಮಾತು ಬಾಯಿಪಾಠ ಮಾಡಿಸಿದ್ದ, ಗಿಣಿಯ ಹಾಗೆ ಒಪ್ಪಿಸಿದೆ: “ಕೋಣೆಯಲ್ಲಿ ತೆರೆದ ತಂಬಿಗೆಯ ನೀರು ಕೊಟ್ಟರು. ಅದರಲ್ಲಿ ಏನಿತ್ತೋ ಗೊತ್ತಿಲ್ಲ.”

ಗಂಗಕ್ಕನನ್ನು ಕರೆದರು. ಬಾಗಿಲ ಹೊರಗೆ ಡಾಕ್ಟರು ಅವಳಿಗೆ, “ಕೊಟ್ಟಿಲ್ಲ ಅನ್ನು ಗಂಗೂ, ಯಾರೂ ನೋಡಿಲ್ಲ. ಇಲ್ಲದಿದ್ರೆ ನಿನ್ನ ಕೆಲಸ ಹೋಗ್ತದೆ” ಎಂದದ್ದು ನನಗೂ ಕೇಳಿಸಿತ್ತು. ಅವಳು ಒಳಗೆ ಬಂದು ನಿಂತಳು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಾನು ನೆಲ ನೋಡಿದೆ.

“ಹೌದು ಸಾಹೇಬ್ರೆ, ಕೊಟ್ಟಿದ್ದೆ. ಬೆಲ್ಲನೂ ಕೊಟ್ಟೆ, ನೀರೂ ಕೊಟ್ಟೆ” ಎಂದಳು.

ನಿಯಮ ಮುರಿದ ಪರೀಕ್ಷೆ ಎಂದು ಅದನ್ನು ರದ್ದು ಮಾಡಿದರು. ಪದಕ ನನಗೇ ಉಳಿಯಿತು, ಮರುವರ್ಷ ನೌಕರಿಯೂ ಸಿಕ್ಕಿತು. ಗಂಗಕ್ಕನನ್ನು ಮಾತ್ರ ಅದೇ ವಾರ ಲ್ಯಾಬಿನಿಂದ ತೆಗೆದರು. ಹದಿನಾಲ್ಕು ವರ್ಷ ಊರಿನ ಮಾನವನ್ನು ಸೆರಗಿನಡಿ ಮುಚ್ಚಿ ಒಯ್ದವಳನ್ನು ಜನ ‘ನೀರಿಗೆ ಮದ್ದು ಹಾಕಿದ ಗಂಗೂ’ ಎಂದರು. ಅವಳು ಶೆಟಗೇರಿಗೆ ಹೋಗಿ ಕಂಡವರ ಗದ್ದೆಯಲ್ಲಿ ಸಸಿ ಕೀಳತೊಡಗಿದಳು.

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ತಾಸು. ನನಗೆ ಆರು ವರ್ಷ ಬೇಕಾಯಿತು.

ನಾನು ಹೋದಾಗ ಅವಳು ಆಗಷ್ಟೇ ಗದ್ದೆಯಿಂದ ಬಂದಿದ್ದಳು, ಮೊಣಕಾಲವರೆಗೆ ಕೆಸರು. ಗುರುತು ಹಿಡಿದು ಒಳಗೆ ಹೋದವಳು ಬೆಲ್ಲ, ನೀರು ತಂದು ಮುಂದಿಟ್ಟಳು. ಅದನ್ನು ಮುಟ್ಟುವ ಮೊದಲೇ ಹೇಳಿಬಿಟ್ಟೆ:

“ಗಂಗಕ್ಕಾ, ಆ ಮದ್ದು ನಿನ್ನ ನೀರಿಂದ ಬಂದದ್ದಲ್ಲ. ನಾನೇ ಸೂಜಿ ತಕಂಡಿದ್ದೆ.”

“ಗೊತ್ತಿತ್ತೇ. ಅಷ್ಟು ವರ್ಷ ಲ್ಯಾಬಲ್ಲಿ ಇದ್ದೋಳು ನಾನು. ನಿನ್ನ ದನಿ ಕೇಳಿದಾಗ್ಲೇ ಗೊತ್ತಾಗಿತ್ತು.”

“ಮತ್ತೆ ಅವ್ರ ಮುಂದೆ ಯಾಕೆ ಹೇಳ್ಲಿಲ್ಲ?”

“ಅವ್ರು ನನ್ನ ಕೇಳಿದ್ದು ನೀರಿನ ಸುದ್ದಿ, ನೀರಿನದ್ದು ನಾನು ಹೇಳ್ದೆ. ಸೂಜಿದು ನೀನು ಹೇಳ್ತಿ ಅಂದ್ಕಂಡೆ. ಅದ್ಕೇ ಅಷ್ಟು ಹೊತ್ತು ನಿನ್ನ ಮುಖ ನೋಡ್ತಾ ನಿಂತದ್ದು.”

ನನಗೆ ಅಳು ತಡೆಯಲಾಗಲಿಲ್ಲ. ಗಂಗಕ್ಕ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ತಂಬಿಗೆಯನ್ನು ನನ್ನ ಹತ್ತಿರ ಸರಿಸಿ, “ಮೊದ್ಲು ನೀರು ಕುಡಿ” ಎಂದು ಕಾಲು ತೊಳೆಯಲು ಹೋದಳು.