ಎರಡು ಪ್ಲೇಟು, ಒಂದು ಒದೆ

ಕುಂದಲಹಳ್ಳಿಯಲ್ಲಿ ಮಂಗಳವಾರ ಮತ್ತು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಶ್ಯಾಮಣ್ಣನ ಮನೆಯಂಗಳದಲ್ಲಿ ಜನ ಒದೆಸಿಕೊಳ್ಳಲು ನಿಂತಿರುತ್ತಿದ್ದರು. ಶ್ಯಾಮಣ್ಣ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವನು. ಅಂಥವರು ಎಡಗಾಲಿನಿಂದ ಒಂದು ಒದೆ ಕೊಟ್ಟರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಆ ಕಡೆಯ ನಂಬಿಕೆ. ಮುಖ ತೊಳೆಯದೆ ಬರಬೇಕು. ಗೋಡೆಗೆ ಎರಡೂ ಕೈ ಊರಿ ಬಗ್ಗಿ ನಿಲ್ಲಬೇಕು. ಒದ್ದ ಮೇಲೆ ಶ್ಯಾಮಣ್ಣ ‘ಬಿಡ್ತಾ?’ ಎಂದು ಕೇಳುತ್ತಾನೆ. ‘ಬಿಡ್ತು’ ಎಂದು ಹೇಳಿ ಹಿಂದೆ ತಿರುಗಿ ನೋಡದೆ ಹೋಗಬೇಕು. ಯಾರಿಗೆ ಒದ್ದೆನೆಂದು ಒದ್ದವನು ಬಾಯಿಬಿಡಬಾರದು. ಬಿಟ್ಟರೆ ಕಾಲಿನ ಗುಣ ಹೋಗುತ್ತದೆ.

ಊರಿನಲ್ಲಿ ಸೊಂಟ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಆ ಗೋಡೆ ಮುಟ್ಟಿದವರೇ. ರಾಮಾಂಜಿನಪ್ಪನೊಬ್ಬ ಮುಟ್ಟಿರಲಿಲ್ಲ. ಎರಡು ವರ್ಷದಿಂದ ಅವನ ಸೊಂಟದಲ್ಲಿ ಮೊಳೆಯೊಂದು ನಾಟಿಕೊಂಡಂತಿತ್ತು. ಆದರೂ ಒದೆಯ ದಿನಗಳಲ್ಲಿ ಅವನು ಶ್ಯಾಮಣ್ಣನ ಬೀದಿ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತಿಕೊಂಡು, ಎದೆ ಎತ್ತಿ ಕೆಲಸಕ್ಕೆ ನಡೆಯುತ್ತಿದ್ದ. ಶ್ಯಾಮಣ್ಣ ಊರಿಗೆ ಒದೆಯುವವನಾದರೂ ಎರಕದ ಕಾರ್ಖಾನೆಗೆ ಸೂಪರ್‌ವೈಸರ್. ರಾಮಾಂಜಿನಪ್ಪ ಅದೇ ಕಾರ್ಖಾನೆಯ ಡ್ರೈವರ್.

ಅವನಿಗಿಂತ ಮುಂಚೆ ಗಾಡಿ ಓಡಿಸುತ್ತಿದ್ದವನು ನಲ್ಲಪ್ಪ. ಒಂದು ದಿನ ನಲ್ಲಪ್ಪ ಯಜಮಾನರ ಮುಂದೆ ಬಾಯ್ತಪ್ಪಿ ‘ಸೊಂಟ ನೋವು ಸಾರ್’ ಅಂದಿದ್ದ. ಯಜಮಾನರು ಒಳ್ಳೆಯವರು, ಗದರಲಿಲ್ಲ. ‘ಪಾಪ, ಸ್ವಲ್ಪ ದಿನ ಗೇಟಿನಲ್ಲಿ ಕೂತಿರು’ ಅಂದರು. ಆ ಸ್ವಲ್ಪ ದಿನ ಹನ್ನೆರಡು ವರ್ಷವಾಗಿತ್ತು. ನಲ್ಲಪ್ಪ ಇನ್ನೂ ಗೇಟಿನ ಕಲ್ಲಿನ ಮೇಲೆ ಕೂತಿದ್ದ. ಗಾಡಿ ಹೊರಟಾಗಲೆಲ್ಲ ಸರಪಳಿ ಇಳಿಸಿ, ಅದರ ಹೊಗೆ ಕರಗುವವರೆಗೂ ನೋಡುತ್ತಿದ್ದ.

ರಾಮಾಂಜಿನಪ್ಪ ಸ್ಟೇರಿಂಗ್ ಹಿಡಿದು ಕಲಿತದ್ದು ವೈಟ್‌ಫೀಲ್ಡಿನ ಮುದಿ ಆಂಗ್ಲೋ-ಇಂಡಿಯನ್ ದೊರೆಯೊಬ್ಬರ ಕಾರಿನಲ್ಲಿ. ತೋಟಕ್ಕೆ ನೀರು ಹಾಯಿಸಲು ಹೋಗುತ್ತಿದ್ದ ಹುಡುಗ, ಅವರ ಕಣ್ಣು ಮಂಜಾದ ಮೇಲೆ ಭಾನುವಾರ ಅವರನ್ನು ಚರ್ಚಿಗೆ ಕೂರಿಸಿಕೊಂಡು ಹೋಗತೊಡಗಿದ. ಎತ್ತಿನ ಬಾಲ ತಿರುವುವ ಮನೆತನದಲ್ಲಿ ಗೇರು ಹಾಕಿದ ಮೊದಲ ಕೈ ಅವನದು. ಲಗ್ನಪತ್ರಿಕೆಗಳ ಮೇಲೂ ‘ಡ್ರೈವರ್ ರಾಮಾಂಜಿನಪ್ಪನವರಿಗೆ’ ಎಂದೇ ಬರೆಯುತ್ತಿದ್ದರು. ಆ ಮೊದಲ ಮಾತು ತೆಗೆದರೆ ಉಳಿಯುವವನು ಯಾರೆಂದು ಅವನಿಗೇ ಗೊತ್ತಿರಲಿಲ್ಲ.

ಗಾಡಿ ಇಪ್ಪತ್ತು ವರ್ಷ ಹಳೆಯ ಪಿಕಪ್ಪು. ಮುಂದೆ ಜೀಪಿನ ಮೂತಿ, ಹಿಂದೆ ಕಬ್ಬಿಣದ ತೊಟ್ಟಿ. ದಿನವೂ ಬೆಳಿಗ್ಗೆ ಅದರಲ್ಲಿ ಎರಕ ಹೊಯ್ದ ಸಾಮಾನು ತುಂಬಿಕೊಂಡು ಪಟ್ಟಣವೆಲ್ಲ ಹಾಯ್ದು, ಯಶವಂತಪುರ ದಾಟಿ, ಅದನ್ನು ಕಡೆದು ನುಣುಪು ಮಾಡುವ ಪೀಣ್ಯದ ಲೇಥುಗಳಿಗೆ ಮುಟ್ಟಿಸಬೇಕು. ಅಲ್ಲಿನ ಹಮಾಲಿಗಳಿಗೆ ರಾಮಾಂಜಿನಪ್ಪನ ಗಂಟಲು ಚೆನ್ನಾಗಿ ಗೊತ್ತು. ‘ಬೇಗ ಇಳಿಸ್ರೋ, ನಿಮ್ಮಜ್ಜಿ ತಿಥಿಗೆ ಬಂದಿದ್ದೀರಾ?’ ಎಂದು ಅವಸರಿಸಿ, ಖಾಲಿ ತೊಟ್ಟಿ ಬಡಿಯುತ್ತ ಸಂಜೆಯೊಳಗೆ ವಾಪಸು.

ಎಂಬತ್ತಮೂರನೇ ಇಸವಿಯಲ್ಲಿ ಕಾರ್ಖಾನೆಗೆ ಗೇರ್‌ಬಾಕ್ಸಿನ ದಪ್ಪ ಹೊದಿಕೆಗಳನ್ನು ಹೊಯ್ಯುವ ಕೆಲಸ ಬಂತು. ಎಂಟು ಹೊದಿಕೆ ಏರಿಸುತ್ತಿದ್ದಂತೆ ಗಾಡಿ ಮುದಿ ಹಸುವಿನ ಹಾಗೆ ಹಿಂದಕ್ಕೆ ಕೂತುಬಿಟ್ಟಿತು. ತೊಟ್ಟಿಯನ್ನು ಹೊತ್ತ ಸ್ಪ್ರಿಂಗಿನ ಪ್ಲೇಟುಗಳು, ಒಂದರ ಮೇಲೊಂದು ಪೇರಿಸಿ ಕಟ್ಟಿದ ಬಿಲ್ಲಿನಾಕಾರದ ಉಕ್ಕಿನ ಪಟ್ಟಿಗಳು, ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು.

“ಗಾಡಿ ನಿಂದು ರಾಮಾಂಜಿನಪ್ಪ,” ಎಂದರು ಯಜಮಾನರು. “ಏನು ಹಾಕ್ಸಿದ್ರೆ ಸರಿ ಹೋಗುತ್ತೆ ನೀನೇ ವಿಚಾರಿಸ್ಕೊಂಡು ಬಾ. ನೀನು ಹೇಳಿದ್ದೇ ಫೈನಲ್.”

ಅವನು ಕುಲುಮೆಯ ಆಚಾರಿಯ ಹತ್ತಿರ ಹೋದ. ಆಚಾರಿಯ ಅಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಕಾಯಿಸಿ ತೊಡಿಸುತ್ತಿದ್ದವನು. ಮಗ ಅದೇ ತಿದಿಯ ಮುಂದೆ ಕೂತು ಲಾರಿಗಳ ಪ್ಲೇಟು ಬಗ್ಗಿಸುತ್ತಿದ್ದ. ಗಾಡಿಯ ಕೆಳಗೆ ತೂರಿ ನೋಡಿ, ಮೊಣಕೈಗೆ ಮೆತ್ತಿದ ಗ್ರೀಸು ಒರೆಸುತ್ತ ಈಚೆ ಬಂದ.

“ಎಲ್ಡು ದಾರಿ ಅವೆ. ಈ ಕಟ್ಟಿಗೇ ಆ ಕಡೀಕೆ ಎಲ್ಡು, ಈ ಕಡೀಕೆ ಎಲ್ಡು ಪ್ಲೇಟು ಸೇರ್ಸಿ ಬಿಗಿಯೋದು. ಒಂದೊತ್ತಿನ ಕೆಲಸ. ಗಾಡಿ ಗೂಳಿ ಅಂಗೆ ನಿಂತ್ಕತದೆ. ಲೋಡಿದ್ರೆ ಸುಖ. ಖಾಲಿ ಬರೋವಾಗ ಮಾತ್ರ ಕೂತೋನ ಪ್ರಾಣ ತೆಗೀತದೆ.”

“ಇನ್ನೊಂದು?”

“ಜೆ.ಸಿ. ರೋಡ್ನಾಗೆ ಹೆಲ್ಪರ್ ಸೆಟ್ಟು ಸಿಗ್ತದೆ. ಅದು ಈ ಕಟ್ಟಿನ ಮ್ಯಾಲೆ ಬೇರೇನೇ ಕೂರ್ತದೆ, ಬೆರಳಗಲ ಸಂದು ಬಿಟ್ಕಂಡು. ಭಾರ ಬಿದ್ದಾಗ ಎಗಲು ಕೊಡ್ತದೆ, ಖಾಲಿ ಇದ್ದಾಗ ಸುಮ್ಕಿರ್ತದೆ. ಜತೀಗೆ ಒಸ ಶಾಕ್ ಅಬ್ಸಾರ್ಬರ್ ಆಕ್ಸಿದ್ರೆ ತೊಟ್ಲು ತೂಗ್ದಂಗೆ. ಆದ್ರೆ ಅದುನ್ನ ಕೂರ್ಸೋಕೆ ಗಾಡಿ ಒಂದು ವಾರ ನಿಲ್ಲಬೇಕು.” ಆಚಾರಿ ದನಿ ತಗ್ಗಿಸಿದ. “ನಿಂಗೆ ಎರಡನೇದೇ ಸರಿ ರಾಮಾಂಜಿ. ನೀನು ಗಾಡಿಯಿಂದ ಇಳಿದದ್ದು ನೋಡ್ದೆ. ಬಾಗ್ಲು ಇಡ್ಕಂಡು ಮೂರು ಸಲ ಉಸ್ರು ಎಳ್ಕಂಡೆ.”

“ಕಾಲು ಜೋಮು ಇಡಿದಿತ್ತು.”

“ಉಂ. ಜೋಮು,” ಎಂದು ಆಚಾರಿ ತಿದಿಯ ಕಡೆ ತಿರುಗಿದ.

ಆ ಸಂಜೆ ಹೆಂಡತಿ ಸೊಣ್ಣಮ್ಮ ಉಪ್ಪಿನ ಗಂಟು ಕಾಯಿಸಿ ಅವನ ಸೊಂಟಕ್ಕೆ ಒತ್ತುತ್ತಿದ್ದಳು. ಬಾಗಿಲಿಗೆ ಅಗುಳಿ ಹಾಕಿಯೇ ಅವಳು ಈ ಕೆಲಸಕ್ಕೆ ಕೂರುತ್ತಿದ್ದದ್ದು.

“ಊರೋರೆಲ್ಲ ಒದುಸ್ಕಂಡ್ ಬತ್ತಾರೆ. ನಿನ್ ಸೊಂಟ ಏನು ಮೈಸೂರ್ ಮಾರಾಜಂದಾ?”

“ಅವನು ಸೂಪ್ರವೈಜರು ಕಣೇ.”

“ಆಗ್ಲಿ. ಒದ್ದಿದ್ದುನ್ನ ಅವನು ಯಾರ್ಗೂ ಏಳಂಗಿಲ್ಲ.”

“ಏಳ್ದೇ ಇದ್ರೂ ನೋಡಿರ್ತಾನಲ್ಲ. ಅಲ್ಲಿ ನಿಂತೋರೂ ನೋಡಿರ್ತಾರಲ್ಲ.”

ಸೊಣ್ಣಮ್ಮ ಗಂಟನ್ನು ಇನ್ನಷ್ಟು ಒತ್ತಿದಳು. “ಅಂಗಾದ್ರೆ ಆ ಎಲ್ಪರ್ರೋ ಏನೋ, ಅದುನ್ನಾದ್ರೂ ಆಕ್ಸು. ಬಾಯಿಬಿಟ್ಟು ಕೇಳು. ಯಜಮಾನ್ರೇ ಕೇಳು ಅಂದವ್ರೆ.”

ಕೇಳುವ ಮಾತನ್ನು ಅವನು ಮರುದಿನ ಕಾರ್ಖಾನೆಯ ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ. ಪೀಣ್ಯದಿಂದ ಬರುವಾಗ ಕೆಲವೊಮ್ಮೆ ಎರಕಕ್ಕೆ ಬೇಕಾದ ಮರದ ಅಚ್ಚುಗಳನ್ನು ತರಬೇಕಾಗುತ್ತದೆ, ಗಾಡಿ ಗಡುಸಾದರೆ ಅವುಗಳ ಮೂಲೆ ಒಡೆಯುತ್ತದೆ, ಆದ್ದರಿಂದ ಹೆಲ್ಪರ್ ಸೆಟ್ಟೇ ಒಳ್ಳೆಯದು. ಸುಳ್ಳೇನಲ್ಲ. ಯಜಮಾನರ ಕೋಣೆಯಲ್ಲಿ ಅವನು ಎರಡೂ ದಾರಿ ವಿವರಿಸಿ ಅಚ್ಚಿನ ಮಾತಿಗೆ ಬರುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಶ್ಯಾಮಣ್ಣ ಬಾಯಿ ಹಾಕಿದ.

“ಒಂದು ವಾರ ಗಾಡಿ ನಿಲ್ಸಕ್ಕೆ ಆಗುತ್ತಾ ಸಾರ್? ಬರೋವಾಗ ಖಾಲಿ ಗಾಡಿ. ಖಾಲಿ ಗಾಡಿ ಕುಲುಕಿದ್ರೆ ಯಾರಿಗೇನು?”

“ಯಾಕೆ, ಇವನು ಇರ್ತಾನಲ್ಲ,” ಎಂದು ಯಜಮಾನರು ಕನ್ನಡಕ ತೆಗೆದು ರಾಮಾಂಜಿನಪ್ಪನನ್ನು ನೋಡಿದರು. ನಿಜವಾಗಿಯೂ ಕೇಳುತ್ತಿದ್ದರು. “ನಿನಗೇನಾದ್ರೂ ತೊಂದರೆ ಇದ್ಯೇನಪ್ಪಾ? ಇದ್ರೆ ಹೇಳು.”

ಅವರ ಹೆಗಲಿನಾಚೆ ಕಿಟಕಿ. ಕಿಟಕಿಯಾಚೆ ಗೇಟು. ಗೇಟಿನ ಕಲ್ಲಿನ ಮೇಲೆ ನಲ್ಲಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದ.

“ಇಲ್ಲ ಸಾರ್. ಪ್ಲೇಟೇ ಹಾಕ್ಸೋಣ. ಗಟ್ಟಿ ಇದ್ರೇ ಒಳ್ಳೇದು.”

ಯಾರೂ ಅವನ ಬಾಯಿಂದ ಅದನ್ನು ಹೇಳಿಸಲಿಲ್ಲ. ಹೊರಗೆ ಬಂದ ಮೇಲೆ, ಅಷ್ಟು ಸಲೀಸಾಗಿ ಬಂದ ಮಾತು ತನ್ನದೇ ಹೌದೇ ಎಂದು ಅವನಿಗೇ ಅನುಮಾನವಾಯಿತು.

ಆಚಾರಿ ಏನೂ ಕೇಳದೆ ಪ್ಲೇಟು ಬಿಗಿದುಕೊಟ್ಟ. ಗಾಡಿ ಬೆನ್ನೆತ್ತಿ ನಿಂತಿತು. ಎಂಟಲ್ಲ, ಹತ್ತು ಹೊದಿಕೆ ಏರಿದರೂ ಜಗ್ಗಲಿಲ್ಲ. ಯಜಮಾನರು ಬೆನ್ನು ತಟ್ಟಿದರು. ಆ ತಟ್ಟಿದ ಜಾಗದಿಂದ ಗೇಣು ಕೆಳಗೆ ಅವನ ನೋವು ಕಾಯುತ್ತಿತ್ತು. ಬೆಳಗಿನ ಪಯಣ ಸುಖ. ಸಂಜೆಯದು ಬೇರೆಯೇ ರಸ್ತೆ. ಬೆಳಿಗ್ಗೆ ಇಲ್ಲದ ಹಳ್ಳಗಳೆಲ್ಲ ಸಂಜೆಗೆ ಹುಟ್ಟಿಕೊಳ್ಳುತ್ತಿದ್ದವು. ಖಾಲಿ ತೊಟ್ಟಿ ಎಗರಿ ಬೀಳುವಾಗಲೆಲ್ಲ ಅವನು ಸೀಟಿನಿಂದ ಅರ್ಧ ಎದ್ದು, ಸ್ಟೇರಿಂಗಿಗೆ ಜೋತುಬಿದ್ದು, ಹಲ್ಲು ಕಚ್ಚುತ್ತಿದ್ದ. ಸೊಣ್ಣಮ್ಮನ ಹಳೆಯ ಸೀರೆಯನ್ನು ಸೀಳಿ ಅಂಗಿಯೊಳಗೆ ಬಿಗಿದುಕೊಂಡ. ಬೆನ್ನ ಹಿಂದೆ ಗೋಣಿ ಮಡಿಸಿಟ್ಟುಕೊಂಡ. ಮೂರು ವಾರ ಹೀಗೆ ಹೋಯಿತು.

ನಾಲ್ಕನೇ ವಾರದ ಸೋಮವಾರ ಸಂಜೆ ಗಾಡಿ ತಂದು ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿದವನಿಗೆ ಇಳಿಯಲಾಗಲಿಲ್ಲ. ಕಾಲಿಗೆ ಹೇಳಿದ ಮಾತು ಕಾಲಿಗೆ ತಲುಪುತ್ತಲೇ ಇರಲಿಲ್ಲ. ನೀರಿನ ತೊಟ್ಟಿಯ ಬಳಿ ಕೈ ತೊಳೆಯುತ್ತಿದ್ದ ಎರಕದವರು ಅವನತ್ತ ನೋಡತೊಡಗಿದರು. ಶ್ಯಾಮಣ್ಣ ಬಾಗಿಲ ಹತ್ತಿರ ಬಂದ.

“ಇಳಿಯೋ. ಪೀಣ್ಯದೋರು ಸೀಟಿಗೆ ಗಮ್ಮು ಹಾಕಿ ಕಳ್ಸಿದ್ದಾರಾ?”

ಎರಕದವರು ನಕ್ಕರು. “ನೀವು ನಡೀರಿ ಶ್ಯಾಮಣ್ಣ, ಬಂದೆ,” ಎಂದ ರಾಮಾಂಜಿನಪ್ಪ. ಅವನ ಹಣೆಯಿಂದ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ಶ್ಯಾಮಣ್ಣ ಬೆವರನ್ನು ನೋಡಿದ. ಗೋಣಿಯನ್ನು ನೋಡಿದ. ಅಂಗಿಯ ಗುಂಡಿಯ ಸಂದಿನಲ್ಲಿ ಇಣುಕಿದ ಸೀರೆಯ ಅಂಚನ್ನು ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ, “ಬ್ಯಾಟ್ರಿ ಏನೋ ತಕರಾರಂತೆ, ನಾನು ನೋಡ್ತೀನಿ. ನೀವು ಮನೆ ಸೇರ್ಕೊಳ್ರಪ್ಪ,” ಎಂದು ಕೂಗಿ, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ.

“ಎಷ್ಟು ದಿನದಿಂದ?”

“ಎರಡು ವರ್ಷ.”

“ಕತ್ತೆ! ಅವತ್ತು ಯಜಮಾನ್ರು ಕೇಳ್ದಾಗ ಬಾಯಲ್ಲಿ ಕಡುಬಿತ್ತಾ?”

ರಾಮಾಂಜಿನಪ್ಪ ಗದ್ದದಿಂದ ಗೇಟಿನ ಕಡೆ ತೋರಿಸಿದ. ನಲ್ಲಪ್ಪ ಸರಪಳಿ ಎಳೆದು ಬೀಗ ಹಾಕುತ್ತಿದ್ದ. ಶ್ಯಾಮಣ್ಣನೂ ಆ ಕಡೆ ನೋಡಿದ.

“ನಾಳೆ ಮಂಗಳವಾರ. ಬಾ, ಒದ್ದು ನೋಡ್ತೀನಿ. ಬಿಡದೇ ಇದ್ರೆ ಬಿಡಲಿಲ್ಲ ಅಂತ ಹೇಳು, ಯಜಮಾನ್ರ ಹತ್ರ ನಾನೇ ಹೋಗಿ ಪ್ಲೇಟು ಕೀಳ್ಸಿ ಹೆಲ್ಪರ್ ಹಾಕ್ಸ್ತೀನಿ. ಕಾರಣ ನಾನು ಹುಡುಕ್ತೀನಿ, ನಿನ್ನ ಹೆಸರು ಬರಲ್ಲ.”

“ನಾನು ಬರದೇ ಇದ್ರೆ?”

“ಬರದೇ ಇದ್ರೆ ನಾನು ಸೂಪರ್‌ವೈಸರ್. ನೋಡಿದ್ದನ್ನ ಹೇಳ್ಬೇಕಾಗ್ತದೆ. ನಾಳೆ ನೀನು ಬ್ರೇಕ್ ತುಳಿಯಕ್ಕಾಗ್ದೆ ಯಾರ ಮೇಲಾದ್ರೂ ಹತ್ತಿಸಿದ್ರೆ?”

ಅದು ನ್ಯಾಯವಾದ ಮಾತೇ. ರಾಮಾಂಜಿನಪ್ಪನಿಗೆ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಕತ್ತಲು ಕವಿಯುವವರೆಗೆ ಇಬ್ಬರೂ ಕೂತಿದ್ದು, ಆಮೇಲೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಗೆಳೆಯರ ಹಾಗೆ ಗೇಟು ದಾಟಿದರು.

ಬೆಳಗಿನ ಜಾವ ಸೊಣ್ಣಮ್ಮ ಅವನನ್ನು ಎಬ್ಬಿಸಿ, ಮುಖ ತೊಳೆಯಬಾರದೆಂದು ತಂಬಿಗೆಯನ್ನೇ ಅಡಗಿಸಿಟ್ಟಳು. ಶ್ಯಾಮಣ್ಣನ ಅಂಗಳದಲ್ಲಿ ಮುದುಕಿ ಬೈರಮ್ಮ ಆಗಲೇ ನಿಂತಿದ್ದಳು. ಅವಳ ಹಿಂದೆ ಕಾರ್ಖಾನೆಯ ಎರಕದ ರಾಮಯ್ಯ, ಇನ್ನಿಬ್ಬರು. ಶ್ಯಾಮಣ್ಣ ಒದ್ದ. ಬೈರಮ್ಮ “ಬಿಡ್ತಪ್ಪಾ ಬಿಡ್ತು” ಎಂದು ಕೋಲೂರಿಕೊಂಡು ಹೋದಳು. ರಾಮಾಂಜಿನಪ್ಪನನ್ನು ಕಂಡ ರಾಮಯ್ಯನ ಕಣ್ಣು ಅಗಲವಾಯಿತು.

“ಓಹೋ, ಡ್ರೈವರ್ರೂ ಬಂದವ್ರೆ! ನಿಮಗೂ ಸೊಂಟಾನಾ ಅಣ್ಣಾ? ಹೋಗ್ರಿ, ಹೋಗ್ರಿ, ನೀವೇ ಮುಂದೆ. ಗಾಡಿಗೆ ಹೊತ್ತಾಗ್ತದೆ.”

ಅವನು ಗೋಡೆಗೆ ಕೈಯೂರಿದ. ಇಷ್ಟು ವರ್ಷದ ಅಂಗೈಗಳು ಸವೆಸಿ ಸವೆಸಿ ಆ ಜಾಗದ ಸುಣ್ಣ ನುಣುಪಾಗಿತ್ತು. ಹಿಂದೆ ಬರಿಗಾಲಿನ ಸಪ್ಪಳ. ಒದೆ ಬಿತ್ತು. ನೋವು ಸೊಂಟದಿಂದ ಹಿಮ್ಮಡಿಗೆ ಇಳಿದು, ಅಲ್ಲಿ ತಿರುಗಿ, ಬಂದ ದಾರಿಯಲ್ಲೇ ಮೇಲೆ ಬಂದು ತನ್ನ ಜಾಗದಲ್ಲಿ ಕೂತಿತು.

“ಬಿಡ್ತಾ?”

ಅವನು ಗೋಡೆಯಿಂದ ಕೈ ತೆಗೆಯಲಿಲ್ಲ. ಶ್ಯಾಮಣ್ಣ ಯಾರನ್ನೂ ಎರಡು ಸಲ ಕೇಳಿದವನಲ್ಲ. ಇವನನ್ನು ಕೇಳಿದ.

“ಸರಿಯಾಗಿ ನೋಡಿ ಹೇಳು ರಾಮಾಂಜಿ. ಬಿಡ್ತಾ?”

ಇಲ್ಲ ಅನ್ನಬಹುದಿತ್ತು. ಆ ಅಂಗಳದಲ್ಲಿ ಇದುವರೆಗೂ ಯಾರೂ ಅಂದಿರಲಿಲ್ಲ. ಅಂದರೆ ಹತ್ತು ಗಂಟೆಯ ಟೀ ಹೊತ್ತಿಗೆ ರಾಮಯ್ಯನ ಬಾಯಿಂದ ಕಾರ್ಖಾನೆಗೆಲ್ಲ ತಿಳಿಯುತ್ತದೆ: ಶ್ಯಾಮಣ್ಣನ ಕಾಲಿಗೂ ಬಗ್ಗದ ಸೊಂಟವಂತೆ ಡ್ರೈವರ್ದು. ಆಮೇಲೆ ಯಾವ ಕಾರಣ ಹುಡುಕಿದರೇನು? ಗೇಟಿನ ಕಲ್ಲಿನ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗವಿದೆ.

“ಬಿಡ್ತು,” ಎಂದ ರಾಮಾಂಜಿನಪ್ಪ.

ಹಿಂದೆ ತಿರುಗಿ ನೋಡಬಾರದು ಎಂಬುದೊಂದು ಅನುಕೂಲವಾಯಿತು. ಶ್ಯಾಮಣ್ಣನ ಮುಖ ಹೇಗಿತ್ತೋ ಅವನು ನೋಡಲಿಲ್ಲ. ಎದೆ ಎತ್ತಿ ಬೀದಿಯ ನಡುವೆಯೇ ನಡೆದು ಹೋದ.

ಗಾಡಿಗೆ ಲೋಡು ತುಂಬಿತ್ತು. ಸರಪಳಿ ಇಳಿಸುತ್ತ ನಲ್ಲಪ್ಪ ಕೇಳಿದ: “ಒದುಸ್ಕಂಡ್ಯಂತೆ? ಬಿಡ್ತಾ?”

“ಬಿಡ್ತು.”

“ನಂಗೂ ಆವಾಗ ಒದ್ದಿದ್ದ,” ಎಂದ ನಲ್ಲಪ್ಪ. “ನಾನೂ ಬಿಡ್ತು ಅಂದಿದ್ದೆ.”

ರಾಮಾಂಜಿನಪ್ಪ ಗೇರು ಹಾಕಿದ. ಹತ್ತು ಹೊದಿಕೆಗಳ ಭಾರಕ್ಕೆ ಪ್ಲೇಟುಗಳು ಹದವಾಗಿ ಬಾಗಿದ್ದವು. ಪೀಣ್ಯದವರೆಗೂ ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಅಲ್ಲಿ ಹಮಾಲಿಗಳು ಎಂದಿನಂತೆ ಅವನ ಗಂಟಲಿಗೆ ಹೆದರಿ ಓಡಿ ಬಂದು, ದಡದಡನೆ ತೊಟ್ಟಿಯ ಬಾಗಿಲು ಬಿಚ್ಚಿದರು.

“ನಿಧಾನ,” ಎಂದ ಅವನು, ಸೀಟಿನಿಂದ ಇಳಿಯದೆ, ಖಾಲಿಯಾಗಲಿರುವ ತೊಟ್ಟಿಯನ್ನು ಕನ್ನಡಿಯಲ್ಲಿ ನೋಡುತ್ತ. “ನಿಧಾನಕ್ಕೆ ಇಳಿಸ್ರಪ್ಪ. ಇವತ್ತೇನೂ ಅವಸರ ಇಲ್ಲ.”