ಒಂಟೆ ಹಾಲಿನ ಶುಕ್ರವಾರಗಳು

ನನ್ನ ಗಂಡನಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಸೋಂಕು ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಮರುಕವಲ್ಲ, ಅನುಮಾನ. ಇಲ್ಲಿ ಗಲ್ಫಿನಲ್ಲಿ, ಸಾಲ್ಮಿಯಾದ ಮಕ್ಕಳ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಅಂಥ ಸೋಂಕು ಹೆಚ್ಚಾಗಿ ಸಾಮಾನ್ಯ ಬ್ಯಾಕ್ಟೀರಿಯಾದಿಂದಲೇ ಬರುತ್ತದೆಂದು ಗೊತ್ತಿತ್ತು. ಆದರೂ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಎರಡು ಸಲ ಆಂಟಿಬಯೋಟಿಕ್ ಮುಗಿಸಿದರೂ ಸಂಜೆಯ ಜ್ವರ, ಬೆವರು, ಮೂತ್ರದ ಉರಿ ಮರಳಿ ಬರುತ್ತಿದ್ದವು. ರೋಗಾಣು ಬೆಳೆಸಿ ನೋಡುವ ಮೂತ್ರದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಮೀನಾ ಅಬ್ದುಲ್ಲಾದ ರಿಫೈನರಿ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದ ಅವರು ಪ್ರತಿ ಶುಕ್ರವಾರ ಬೆಳಿಗ್ಗೆ "ಸೈಟಿನಲ್ಲಿ ಸ್ವಲ್ಪ ಕೆಲಸ ಉಂಟು" ಎಂದು ಹೋಗುತ್ತಿದ್ದರು. ರಜೆಯ ದಿನ ಏನು ಕೆಲಸ? ಫೋನ್ ಜಾಲಾಡಿದೆ, ಅಂಗಿ ಮೂಸಿದೆ. ಅತ್ತರಿನ ವಾಸನೆ ಬರಲಿಲ್ಲ. ಗುರುತು ಉಳಿಸದಷ್ಟು ಹುಷಾರಾಗಿದ್ದಾರೆ ಎಂದುಕೊಂಡೆ.

ಮುಂದಿನ ಸಲ ಡಾಕ್ಟರು, "ಹಸಿ ಹಾಲು ಕುಡಿಯುತ್ತೀರಾ?" ಎಂದು ಕೇಳಿದರು. ಗಂಡ ನನ್ನ ಮುಖ ನೋಡಿ "ಇಲ್ಲ" ಎಂದರು. ಗಂಡ ಹೊರಗೆ ಹೋದ ಮೇಲೆ, ಲೈಂಗಿಕ ರೋಗಗಳ ಪರೀಕ್ಷೆಯನ್ನೂ ಬರೆಯಿರಿ ಎಂದು ನಾನು ಗುಟ್ಟಾಗಿ ಕೇಳಿಕೊಂಡೆ. ಎಲ್ಲವೂ ನೆಗೆಟಿವ್ ಬಂತು. ಲ್ಯಾಬಿನವರೂ ತಪ್ಪುತ್ತಾರಲ್ಲ ಎಂದುಕೊಂಡೆ.

ಆ ವಾರ ಕಾರಿನ ಸೀಟಿನಡಿ ಒಂದು ಬಾಟಲಿ ಸಿಕ್ಕಿತು. ತಳದಲ್ಲಿ ಹುಳಿತ ಹಾಲು. ತಂದು ಅವರ ಮುಂದಿಟ್ಟೆ.

"ಒಂಟೆ ಹಾಲು ಮಾರಾಯ್ತಿ," ಎಂದರು. "ಮರುಭೂಮಿ ರಸ್ತೆಯಲ್ಲಿ ಅಲ್ಲೇ ಕರೆದು ಕೊಡ್ತಾರೆ. ಶುಗರ್ ಇಳೀತದೆ ಅಂತ ಕೆಲಸದ ಭಾಯಿ ಒಬ್ಬ ಹೇಳಿದ. ಕಾಯಿಸಿದ್ರೆ ಶಕ್ತಿ ಹೋಗ್ತದಂತೆ. ನಿನಗೆ ಹೇಳಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಮರುದಿನ ನಾನೇ ಡಾಕ್ಟರಿಗೆ ಹೇಳಿದೆ. ರಕ್ತಪರೀಕ್ಷೆ, ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ ಸೋಂಕು ಎಂದಿತು. ಕಲ್ಚರನ್ನು ಹೆಚ್ಚು ದಿನ ಇಟ್ಟಾಗ ಅದೇ ನಿಧಾನದ ಬ್ಯಾಕ್ಟೀರಿಯಾ ಬೆಳೆಯಿತು. ಅದು ಪ್ರಾಸ್ಟೇಟಿಗೆ ಹೋಗಿ ಕೂರುವುದು ಅಪರೂಪವಂತೆ. ಎರಡು ಬಗೆಯ ಮಾತ್ರೆ, ಹಲವು ವಾರ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿದರು. ಅದು ಮಾತ್ರೆಯ ಬಣ್ಣ ಎಂದು ಸಮಾಧಾನ ಮಾಡಿದೆ. ಜ್ವರ ಬಿಟ್ಟಿತು. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡಲಿಲ್ಲ.

ಕೊನೆಯ ಮಾತ್ರೆ ನುಂಗಿದ ದಿನ ಅವರು ಫೈಲ್ ತೆರೆದು ಕೂತಿದ್ದರು. ಚಹಾ ಕೊಟ್ಟೆ. ಲೈಂಗಿಕ ರೋಗಗಳ ಪರೀಕ್ಷೆಯ ಹಾಳೆ ಎತ್ತಿ ತೋರಿಸಿದರು.

"ಹಾಲಿನ ವಿಷಯ ಮುಚ್ಚಿಟ್ಟದ್ದು ನನ್ನ ತಪ್ಪು. ಈ ಟೆಸ್ಟ್ ಮಾಡಿ ಅಂತ ಯಾರು ಹೇಳಿದ್ದು?"

"ಡಾಕ್ಟರು," ಎಂದೆ.

ಅವರು ಹಾಳೆಯನ್ನು ಮಡಚಿ ಒಳಗಿಟ್ಟರು. ಚಹಾದ ಲೋಟ ನೋಡಿದರು.

"ಹಾಲು ಕಾಯಿಸಿದ್ದೀಯಲ್ಲ?"

ಮದುವೆಯಾದಂದಿನಿಂದ ಅವರು ಹಾಗೆ ಕೇಳಿದ್ದು ಅದೇ ಮೊದಲು.