ಹುಸೇನನ ಮಂಚದ ಸುತ್ತ ಐದು ಮಂದಿ ಡಾಕ್ಟರು

ಗೆಳೆಯರೇ, ಇವತ್ತು ಆಸ್ಪತ್ರೆಯಲ್ಲಿ ಹುಸೇನನನ್ನು ನೋಡಿ ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಹರಪನಹಳ್ಳಿಯಲ್ಲಿ ನಾವಿಬ್ಬರೂ ಹಮಾಲರಾಗಿ ಜೋಳದ ಚೀಲ ಹೊರುತ್ತಿದ್ದೆವು. ಆಗ ನನ್ನ ಬಲಗಡೆಯ ಹರ್ನಿಯಾವನ್ನು ಒಬ್ಬರೇ ಡಾಕ್ಟರು ಕೊಯ್ದು, ಹೊಲಿದು ಕಳಿಸಿದ್ದರು. ಈಗ ಇವನ ಹರ್ನಿಯಾಕ್ಕೆ ಕೊಯ್ಯಲು ಒಬ್ಬರು, ಪ್ರಜ್ಞೆ ತಪ್ಪಿಸಲು ಒಬ್ಬರು, ಸಕ್ಕರೆ ಕಾಯಿಲೆಗೆ, ಕೆಮ್ಮಿಗೆ, ಎಬ್ಬಿಸಿ ನಡೆಸಲು ಬೇರೆ ಬೇರೆಯವರು!

"ಏನಲೇ, ಐದು ಮಂದಿ ಬೇಕೇನು ನಿನಗ? ಮದುಮಗ ಆಗೀಯೇನು?" ಎಂದೆ.

"ನಿನಗೇನ ಕಡಿಮಿ ಆಗಿತ್ತಲೇ? ಚಕ್ಕಡ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದಾಂವ ನಾನು. ಆಮ್ಯಾಲೆ ಮೂರು ತಿಂಗಳು ನಿನ್ನ ಪಾಲಿನ ಚೀಲಾನೂ ನಾನ ಹೊತ್ತೀನಿ. ಈ ಹರ್ನಿಯಾ ಅಲ್ಲಿಂದನ ಬಂದಿರಬೇಕು!" ಎಂದ.

ಮನೆಗೆ ಬಂದೆ. ನನಗೂ ಇನ್ನೊಂದು ಹರ್ನಿಯಾ ಬಂದಿದೆಯೇನೋ ಎಂದು ಎಡಗಡೆ ತೊಡೆಸಂದಿಗೆ ಕೈಯಿಟ್ಟು ಜೋರಾಗಿ ಕೆಮ್ಮಿ ನೋಡಿದೆ. ಹಾಳಾದ್ದು, ಒಂದಿಷ್ಟೂ ಉಬ್ಬಲಿಲ್ಲ!